ಬೋರಲು ಮಲಗಿದ ದಿನಗಳು

ಹತ್ತು ದಿನ ಏನೂ ಮಾಡದೆ ಬೋರಲು ಮಲಗಿರಬೇಕು ಎಂದು ಕಣ್ಣಿನ ಡಾಕ್ಟರು ಹೇಳಿದಾಗ ಕಾಜಮ್ಮ ನಕ್ಕುಬಿಟ್ಟಳು. ಡಾಕ್ಟರು ನಗಲಿಲ್ಲ. ಕಾಜಮ್ಮನ ಸೊಸೆಗಿಂತ ಒಂದೆರಡು ವರ್ಷ ಚಿಕ್ಕವಳಿರಬಹುದಾದ ಆ ಹೆಣ್ಣುಮಗಳು ಕುರ್ಚಿಯನ್ನು ಮುಂದಕ್ಕೆಳೆದುಕೊಂಡು, ಮಕ್ಕಳಿಗೆ ಹೇಳುವಂತೆ ಬಿಡಿಸಿ ಹೇಳಿದಳು.

"ಅಮ್ಮಾ, ನಗೋ ವಿಷಯ ಅಲ್ಲ. ಕಣ್ಣಿನ ಹಿಂದೆ ಒಂದು ಪರದೆ ಇರುತ್ತೆ. ನಿಮ್ಮ ಬಲಗಣ್ಣಿನದು ಕಿತ್ತುಕೊಂಡು ಬಂದಿತ್ತು. ನಾವು ಆಪರೇಷನ್ ಮಾಡಿ ಅದನ್ನ ಜಾಗಕ್ಕೆ ಕೂರಿಸಿದ್ದೀವಿ, ಕಣ್ಣೊಳಗೆ ಒಂದು ಗಾಳಿ ಗುಳ್ಳೆ ಬಿಟ್ಟಿದ್ದೀವಿ. ಗಾಳಿ ಯಾವಾಗ್ಲೂ ಮೇಲಕ್ಕೇ ಹೋಗೋದು. ನೀವು ಮುಖ ಕೆಳಗೆ ಮಾಡಿದ್ರೆ ಗುಳ್ಳೆ ಹಿಂದಕ್ಕೆ ಹೋಗಿ ಪರದೆನ ಒತ್ತಿ ಹಿಡ್ಕೊಳ್ಳುತ್ತೆ. ತಲೆ ಎತ್ತಿದ್ರೆ ಬಿಟ್ಟುಬಿಡುತ್ತೆ. ಊಟಕ್ಕೆ, ಬಚ್ಚಲಿಗೆ ಗಂಟೆಗೆ ಹತ್ತು ನಿಮಿಷ ಏಳಬಹುದು. ಆಗಲೂ ತಲೆ ತಗ್ಗಿಸೇ ಇರಬೇಕು."

"ಇನ್ನೊಂದು ಕಣ್ಣಿದೆಯಲ್ಲಮ್ಮಾ," ಎಂದಳು ಕಾಜಮ್ಮ.

"ಎಡಗಣ್ಣಾ? ಅದು ಸೋಮಾರಿ ಕಣ್ಣು. ಚಿಕ್ಕಂದಿನಿಂದ ಅದು ಸರಿಯಾಗಿ ನೋಡೋದನ್ನ ಕಲಿತೇ ಇಲ್ಲ. ಇಷ್ಟು ವರ್ಷ ನಿಮ್ಮ ಕೆಲಸ ಎಲ್ಲಾ ಮಾಡಿರೋದು ಈ ಬಲಗಣ್ಣೇ. ಇದು ಹೋದ್ರೆ ಸೂಜಿ ಹಿಡಿಯೋದನ್ನ ಮರೆತುಬಿಡಿ."

ಸೂಜಿಯ ಮಾತು ಬಂದ ಮೇಲೆ ಕಾಜಮ್ಮ ನಗಲಿಲ್ಲ. ತನ್ನ ಮೈಯಲ್ಲೇ ಒಂದು ಸೋಮಾರಿ ಅಂಗ ಇಷ್ಟು ವರ್ಷ ಕೂತು ಉಣ್ಣುತ್ತಿತ್ತು ಎಂಬುದೂ ಅವಳಿಗೆ ಅವಮಾನವೆನಿಸಿತು. ತಮ್ಮ ಮನೆತನದಲ್ಲಿ ಸೋಮಾರಿ ಎಂದರೆ ತನ್ನ ಅಕ್ಕ ಒಬ್ಬಳೇ ಎಂದು ಅವಳು ತಿಳಿದಿದ್ದಳು.

ಅವಳ ನಿಜವಾದ ಹೆಸರು ಕಾಗದಪತ್ರಗಳಲ್ಲಿ ಮಾತ್ರ ಉಳಿದಿತ್ತು. ಗಂಡ ಕೋಟು ಹೊಲಿಯುವವನು, ಬೀದಿಯವರಿಗೆಲ್ಲ ಮಾಸ್ಟರ್. ಅಳತೆ ತೆಗೆಯುವುದು, ಬಟ್ಟೆ ಕತ್ತರಿಸುವುದು, ಮೆಷಿನ್ ತುಳಿಯುವುದು ಅವನ ಪಾಲು. ಗುಂಡಿ ತೂರಿಸುವ ಕಿಂಡಿಯ ಸುತ್ತ ಕೈಯಲ್ಲಿ ಕಾಜಾ ಹೊಲಿಯುವುದು ಇವಳ ಪಾಲು. ಮೆಷಿನ್ನಿನಲ್ಲಿ ಕಾಜಾ ಹೊಡೆಸಿದ ಕೋಟು ಕೋಟೇ ಅಲ್ಲ ಎಂಬುದು ಮಾಸ್ಟರ್‌ನ ಹಠ. ಆ ಹಠವನ್ನು ಮೂವತ್ತೊಂದು ವರ್ಷ ಸಾಕಿದ್ದು ಹೆಂಡತಿಯ ಬೆರಳು. ಹೀಗಾಗಿ ಅವಳು ಕಾಜಮ್ಮನಾದಳು, ಕೊನೆಗೆ ಸ್ವಂತ ಸೊಸೆಯ ಫೋನಿನಲ್ಲೂ 'ಕಾಜಮ್ಮ ಅತ್ತೆ' ಎಂದೇ ದಾಖಲಾದಳು.

ಅವರ ಬೀದಿಯಲ್ಲಿ ಯಾರನ್ನಾದರೂ ಹೇಗಿದ್ದೀರಿ ಎಂದು ಕೇಳಿ ನೋಡಿ, ಪುರುಸೊತ್ತಿಲ್ಲ ಎನ್ನುತ್ತಾರೆ. ಚೆನ್ನಾಗಿದ್ದೇನೆ ಎನ್ನುವವನ ವ್ಯಾಪಾರ ಕೆಟ್ಟಿದೆ ಎಂದೇ ಅರ್ಥ. "ಸಾಯೋಕೂ ಪುರುಸೊತ್ತಿಲ್ಲ" ಎಂದು ಹೇಳುವಾಗ ಜನರ ಮುಖದಲ್ಲಿ ಒಂದು ಕಳೆ ಬರುತ್ತದೆ. ಸತ್ತವರ ಮನೆಗೆ ಹೋದರೂ "ನಿನ್ನೆ ಸಂಜೆವರೆಗೂ ಕೆಲಸ ಮಾಡ್ತಿದ್ರಂತೆ" ಎಂಬುದೇ ಅಲ್ಲಿ ಕೇಳಿಬರುವ ದೊಡ್ಡ ಹೊಗಳಿಕೆ. ಆ ಬೀದಿಗೆ ಕಾಜಮ್ಮನೇ ರಾಣಿ. ಬಲಗೈಯಲ್ಲಿ ಊಟ ಮಾಡುತ್ತ ಎಡಗೈಯಲ್ಲಿ ನೂಲಿನ ಸಿಕ್ಕು ಬಿಡಿಸುವವಳು ಇಡೀ ಊರಿನಲ್ಲಿ ಅವಳೊಬ್ಬಳೇ.

ಅಂಥವಳು ಈಗ ಮಲಗಬೇಕಾಯಿತು. ಅದೂ ಹಗಲು ಹೊತ್ತಿನಲ್ಲಿ, ಅದೂ ಅಂಗಡಿಯ ಹಿಂದಿನ ಕೋಣೆಯಲ್ಲಿ, ಬಂದು ಹೋಗುವ ಗಿರಾಕಿಗಳಿಗೆಲ್ಲ ಕಾಲು ಕಾಣುವಂತೆ.

ಮಾಸ್ಟರ್ ಮಡಚುವ ಮಂಚದ ಕ್ಯಾನ್ವಾಸಿಗೆ ತಲೆಯ ಕಡೆ ಒಂದು ರಂಧ್ರ ಕತ್ತರಿಸಿ, ಅಂಚು ಮಡಚಿ ಹೊಲಿದು ಕೊಟ್ಟ. ಅದರಲ್ಲಿ ಮುಖ ಇಟ್ಟರೆ ಉಸಿರಾಡಲು ತೊಂದರೆಯಿರಲಿಲ್ಲ, ಕೆಳಗಿನ ನೆಲ ಕಾಣುತ್ತಿತ್ತು. ಕಾಜಮ್ಮ ಮೊದಲು ಬೆರಳಾಡಿಸಿ ನೋಡಿದ್ದು ಹೊಲಿಗೆಯನ್ನು.

"ಏನ್ರೀ ಇದು, ಹಲ್ಲು ಬಿದ್ದವನ ಬಾಯಿ ಇದ್ದಹಾಗಿದೆ. ನನ್ನ ಕೈಗೆ ಕೊಟ್ಟಿದ್ರೆ—"

"ಮಲಗೇ ಸಾಕು," ಎಂದ ಮಾಸ್ಟರ್.

ಮೊದಲ ದಿನ ಅವಳು ನೆಲದ ಹಾಸುಗಲ್ಲಿನ ಚುಕ್ಕೆಗಳನ್ನು ಎಣಿಸಿದಳು. ಬಲಗಣ್ಣಿನಲ್ಲಿ ಏನೂ ಕಾಣುತ್ತಿರಲಿಲ್ಲ, ಬೂದಿ ಬಣ್ಣದ ಒಂದು ದುಂಡು ಅಲುಗಾಡುತ್ತಿತ್ತು. ಎಡಗಣ್ಣಿಗೆ ಕಂಡಷ್ಟೇ ಲೋಕ. ಆ ಲೋಕದಲ್ಲಿ ಜನರಿಗೆ ಮುಖವೇ ಇರಲಿಲ್ಲ, ಬರೀ ಪಾದಗಳಿದ್ದವು. ಸೊಸೆಯ ಪಾದಗಳು ಬೆಳಿಗ್ಗೆ ಓಡಿ ಬಂದು ಓಡಿ ಹೋದವು. ಅವಳಿಗೆ ಆಫೀಸು, ಮಗನಿಗೆ ಊರೂರು ತಿರುಗುವ ಲಾರಿ. ಮಾಸ್ಟರ್‌ನ ಪಾದಗಳು ಆಗಾಗ ಬಾಗಿಲ ತನಕ ಬಂದು ನಿಂತು ಹಿಂತಿರುಗುತ್ತಿದ್ದವು. ಆ ನಿಲ್ಲುವಿಕೆಯ ಅರ್ಥ ಕಾಜಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ಹೊಸ ಹೋಟೆಲೊಂದರ ಸಿಬ್ಬಂದಿಗೆ ಇಪ್ಪತ್ತೆರಡು ಕೋಟು ಒಪ್ಪಿಕೊಂಡಿದ್ದರು. ಕೋಟಿಗೆ ಏಳು ಕಾಜಾ. ನೂರ ಐವತ್ತನಾಲ್ಕು. ಹೋಟೆಲು ತೆರೆಯುವುದಕ್ಕೆ ಇನ್ನು ಹನ್ನೆರಡೇ ದಿನ.

ಮುಂಗೋಣೆಯಲ್ಲಿ ಮೆಷಿನ್ ಟಕಟಕ ಎಂದಾಗಲೆಲ್ಲ ಅವಳಿಗೆ ಯಾರೋ ಬಯ್ದಂತೆ ಆಗುತ್ತಿತ್ತು. ಮೆಷಿನ್ ನಿಂತರೆ ಇನ್ನೂ ಕಷ್ಟ, ಯಾಕೆ ನಿಂತಿತು ಎಂಬ ಚಿಂತೆ. ಪಾತ್ರೆಯ ಸದ್ದು ಕೇಳಿದರೆ ಸೊಸೆ ಕೆಲಸಕ್ಕೆ ಹೋಗುವ ಮೊದಲು ತನ್ನ ಪಾಲಿನದನ್ನೂ ತೊಳೆಯುತ್ತಿದ್ದಾಳೆ ಎಂದು ಒಂದೊಂದೇ ಪಾತ್ರೆ ಲೆಕ್ಕ ಹಾಕುತ್ತಿದ್ದಳು. ಮಲಗಿದವಳ ಬೆವರು ಕ್ಯಾನ್ವಾಸನ್ನು ಒದ್ದೆ ಮಾಡಿತು. ಕೆಲಸ ಮಾಡುವಾಗ ಕೂಡ ಅವಳು ಅಷ್ಟು ಬೆವರಿದವಳಲ್ಲ.

ಅವಳನ್ನು ನೋಡಿಕೊಳ್ಳಲು ಯಾರಾದರೂ ಬೇಕಿತ್ತಲ್ಲ. ಮನೆಯವರೆಲ್ಲ ಕೂತು ಯೋಚಿಸಿದರು. ಕೂತು ಎಂದರೆ ನಿಂತುಕೊಂಡೇ. ಕೊನೆಗೆ ಪುರುಸೊತ್ತಿರುವುದು ಒಬ್ಬಳಿಗೇ ಎಂದು ಎಲ್ಲರಿಗೂ ಒಟ್ಟಿಗೇ ಹೊಳೆಯಿತು. ಹೀಗೆ ದಿಂಬಕ್ಕ ಬಂದಳು.

ದಿಂಬಕ್ಕ ಕಾಜಮ್ಮನ ಒಡಹುಟ್ಟಿದ ಅಕ್ಕ. ಗಂಡ ತೀರಿಕೊಂಡ ಮೇಲೆ ಎರಡು ಬೀದಿ ಆಚೆ ಒಂದು ಕೋಣೆಯಲ್ಲಿ ಒಬ್ಬಳೇ ಇದ್ದವಳು. ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವ ಕೆಲಸ ಮಾಡಿ ನಿವೃತ್ತಳಾಗಿದ್ದಳು. ಮಧ್ಯಾಹ್ನ ಊಟವಾದ ಮೇಲೆ ಒಂದು ಗಂಟೆ ಮಲಗುತ್ತಿದ್ದಳು. ಅವಳು ಮಾಡಿದ ಅಪರಾಧ ಇಷ್ಟೇ. ಯಾರದೋ ಮಗು ಒಮ್ಮೆ ಅವಳನ್ನು ದಿಂಬಕ್ಕ ಎಂದು ಕರೆಯಿತು, ಎಲ್ಲರೂ ನಕ್ಕರು, ಹೆಸರು ಅಂಟಿಕೊಂಡಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ಕಾಜಮ್ಮ.

ಅಕ್ಕನ ಪಾದಗಳು ಬಂದು ಮಂಚದ ಪಕ್ಕ ನಿಂತವು. ಹಿಮ್ಮಡಿ ಒಡೆದ, ಅಗಲವಾದ, ಯಾವ ಅವಸರವೂ ಇಲ್ಲದ ಪಾದಗಳು.

"ಹೇಗಿದೆಯೇ?" ಎಂದಳು ಅಕ್ಕ.

"ಹೇಗಿರುತ್ತೆ? ಹಾಳು ಬಿದ್ದಿದ್ದೀನಿ."

"ಬಿದ್ದಿರು. ಬೀಳೋಕೇ ಹೇಳಿರೋದು," ಎಂದು ಅಕ್ಕ ನೆಲದ ಮೇಲೆ ಗೋಡೆಗೊರಗಿ ಕೂತಳು. ಕೂತು ಏನೂ ಮಾಡಲಿಲ್ಲ. ಹೊತ್ತಿಗೆ ಸರಿಯಾಗಿ ಕಣ್ಣಿಗೆ ಹನಿ ಹಾಕಿದಳು, ನೀರು ಕುಡಿಸಿದಳು, ಮತ್ತೆ ಕೂತಳು. ಅವಳ ಸುಮ್ಮನಿರುವಿಕೆ ಕಂಡು ಕಾಜಮ್ಮನಿಗೆ ಮೈ ಉರಿಯಿತು. ಒಂದು ಕೋಣೆಯಲ್ಲಿ ಇಬ್ಬರು ಗಟ್ಟಿಮುಟ್ಟಾದ ಹೆಂಗಸರು ಕೈಕಟ್ಟಿ ಕೂತಿದ್ದಾರೆ ಎಂದು ಬೀದಿಗೆ ಗೊತ್ತಾದರೆ ಏನು ಗತಿ ಎಂದು ಅವಳು ಕಿವಿ ನಿಮಿರಿಸಿ ಕಾದಳು.

ನಾಲ್ಕನೆಯ ದಿನ ಅಕ್ಕ ಹನಿ ಔಷಧಿ ತರಲು ಹೊರಗೆ ಹೋದಳು. ಮಾಸ್ಟರ್‌ನ ಪಾದಗಳು ಬಾಗಿಲಿಗೆ ಬಂದು ನಿಂತವು.

"ಎಷ್ಟಾಯ್ತು ರೀ?"

"ಒಂಬತ್ತು ಕೋಟು ಹೊಲಿದು ಮುಗೀತು. ಕಾಜಾ ಒಂದೂ ಇಲ್ಲ."

"ಹೋಟೆಲಿನವರಿಗೆ ಹೇಳಿದ್ರಾ?"

"ಏನಂತ ಹೇಳ್ಲಿ? ಮಲಗಿದ್ದಾಳೆ ಅಂತಲಾ?"

ಅವನು ಅದನ್ನು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ದಣಿದಿದ್ದ, ದಿಕ್ಕು ತೋಚದೆ ಹೇಳಿದ. ಆದರೆ ಮಾತು ಹೋಗಿ ನಾಟಬೇಕಾದ ಕಡೆಗೇ ನಾಟಿತು. ಆಮೇಲೆ ಅವಳಿಗೆ ಒಂದು ಬುದ್ಧಿ ಹೊಳೆಯಿತು. ಕಾಜಾ ಹೊಲಿಯುವಾಗ ತಲೆ ಎಲ್ಲಿರುತ್ತದೆ? ಕೆಳಗೇ ಇರುತ್ತದೆ. ಮೂವತ್ತೊಂದು ವರ್ಷದಿಂದ ತಾನು ಮಾಡಿಕೊಂಡು ಬಂದದ್ದೇ ಮುಖ ಕೆಳಗೆ ಮಾಡುವ ಕೆಲಸ. ಡಾಕ್ಟರು ತಲೆ ಎತ್ತಬೇಡ ಎಂದಿದ್ದಾರೆಯೇ ಹೊರತು ಕೈ ಆಡಿಸಬೇಡ ಎಂದಿಲ್ಲ. ಏನೂ ಮಾಡಬಾರದು ಎಂದಿದ್ದರು ನಿಜ, ಅದನ್ನು ಅವಳು ಜಾಣತನದಿಂದ ಮರೆತಳು.

"ಒಂದು ಕೋಟು, ಗಿಡ್ಡ ಸ್ಟೂಲು ತಂದು ಇಲ್ಲಿ ನನ್ನ ಮುಖದ ಕೆಳಗೆ ಇಡ್ರೀ. ಕೈ ಎರಡೂ ಪಕ್ಕದಿಂದ ಇಳಿಬಿಡ್ತೀನಿ."

"ಬೇಡ ಕಣೆ. ಏನಾದ್ರೂ ಹೆಚ್ಚುಕಮ್ಮಿ ಆದ್ರೆ?"

"ತಲೆ ಕೆಳಗೇ ಇರುತ್ತಲ್ಲ. ತನ್ನಿ."

ಅವನು ತಂದ. ಬೇಡ ಎಂದವನ ಪಾದಗಳು ಎಷ್ಟು ಬೇಗ ಹೋಗಿ ಬಂದವು ಎಂಬುದನ್ನು ಅವಳು ಗಮನಿಸಿದಳು, ಸಂತೋಷವೂ ಆಯಿತು.

ಸೂಜಿ ಕೈಗೆ ಬಂದದ್ದೇ ತಡ, ಎದೆಯ ಡವಡವ ನಿಂತುಹೋಯಿತು. ನಾಲ್ಕು ದಿನಗಳಿಂದ ಕಾಣದ ನೆಮ್ಮದಿ. ಎಡಗಣ್ಣಿಗೆ ಮಸುಕು ಮಸುಕಾಗಿ ಕಂಡರೂ ಬೆರಳುಗಳಿಗೆ ಎಲ್ಲ ಬಾಯಿಪಾಠವಾಗಿತ್ತು. ಒಂದು ಕಾಜಾ ಮುಗಿಯಿತು. ಒಂದು ಕಾಜಾಕ್ಕೆ ಒಂದು ಎಳೆ ದಾರ. ಅದು ಮುಗಿದರೆ ಮತ್ತೊಂದು ಪೋಣಿಸಬೇಕು. ಬೆರಳಿನ ಅಂದಾಜಿನಲ್ಲೇ ಪೋಣಿಸಿದಳು. ಎರಡು, ಮೂರು. ಮುಂಗೋಣೆಯ ಮೆಷಿನ್ನೂ ಇವಳ ಬೆರಳೂ ಒಂದೇ ಲಯಕ್ಕೆ ಬಂದವು. ತಾನು ಮತ್ತೆ ಮನುಷ್ಯಳಾದೆ ಎಂದು ಅವಳಿಗೆ ಅನಿಸಿತು.

ಏಳನೆಯ ಕಾಜಾಕ್ಕೆ ದಾರ ಪೋಣಿಸುವಾಗ ಬಲಗಣ್ಣಿನ ಬೂದಿ ದುಂಡು ಸರ್ರನೆ ಕೆಳಕ್ಕೆ ಜಾರಿತು. ಕಾಜಮ್ಮ ಕಲ್ಲಾದಳು. ಅವಳ ಎದುರಿಗೆ ನೆಲವಿರಲಿಲ್ಲ, ಕಿಟಕಿಯಿತ್ತು. ಕಿಟಕಿಯ ಬೆಳಕಿಗೆ ಸೂಜಿಯನ್ನು ಎತ್ತಿ ಹಿಡಿದು, ಕುತ್ತಿಗೆ ಸೆಟೆಸಿ, ತುಟಿಯಲ್ಲಿ ದಾರದ ತುದಿ ಕಚ್ಚಿಕೊಂಡು, ತಲೆ ಎತ್ತಿ ನೋಡುತ್ತಿದ್ದಳು. ಸೂಜಿಗೆ ದಾರ ಪೋಣಿಸುವವರು ಯಾರೂ ನೆಲ ನೋಡುವುದಿಲ್ಲ. ಬೆಳಕಿಗೆ ಹಿಡಿಯುತ್ತಾರೆ. ಹುಡುಗಿಯಾಗಿದ್ದಾಗ ಕಲಿತ ಅಭ್ಯಾಸ ತಾನೇ ತಾನಾಗಿ ಏಳು ಸಲ ಅವಳ ತಲೆಯನ್ನು ಎತ್ತಿ ಹಿಡಿದಿತ್ತು, ಅವಳಿಗೆ ಗೊತ್ತೇ ಆಗಿರಲಿಲ್ಲ. ಜೀವ ಬಾಯಿಗೆ ಬಂತು. ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡರಂತೆ ಎಂಬ ಗಾದೆಯನ್ನು ಅವಳು ಬೇರೆಯವರಿಗೆ ಹೇಳಿದ್ದಕ್ಕೆ ಲೆಕ್ಕವಿಲ್ಲ. ಈಗ ಇರುವೆ ಬಿಟ್ಟುಕೊಂಡದ್ದು ಕಣ್ಣಿನೊಳಗೆ.

"ರೀ, ತಗೊಂಡು ಹೋಗಿ! ಬೇಗ ತಗೊಂಡು ಹೋಗಿ!" ಎಂದು ಮುಖವನ್ನು ರಂಧ್ರಕ್ಕೆ ಒತ್ತಿಕೊಂಡು ಕೂಗಿದಳು. ಮಾಸ್ಟರ್ ಗಾಬರಿಯಾಗಿ ಓಡಿ ಬಂದು ಸ್ಟೂಲು, ಕೋಟು ಎತ್ತಿಕೊಂಡು ಹೋದ. ಯಾಕೆ ಎಂದು ಅವನು ಕೇಳಿದ್ದಕ್ಕೆ ಅವಳು ಹೇಳಲಿಲ್ಲ. ಹೇಳಿದರೆ ನಿಜವಾಗಿಬಿಡುತ್ತದೆ ಎಂಬ ಭಯ.

ಅಕ್ಕ ಹಿಂತಿರುಗಿದಾಗ ನೆಲದ ಮೇಲೆ ಕಪ್ಪು ದಾರದ ತುಣುಕುಗಳು ಬಿದ್ದಿದ್ದವು. ಅವಳ ಪಾದಗಳು ಅಲ್ಲೇ ನಿಂತವು. ಅಕ್ಕ ಬಗ್ಗಿದಳು, ಒಂದೊಂದಾಗಿ ತುಣುಕುಗಳನ್ನು ಆರಿಸಿ ಮುಷ್ಟಿಯಲ್ಲಿಟ್ಟುಕೊಂಡಳು. ಬಯ್ದಿದ್ದರೆ ತಿರುಗಿ ಬಯ್ಯಬಹುದಿತ್ತು, ಆ ಭಾಗ್ಯವೂ ಸಿಗಲಿಲ್ಲ.

ಮರುದಿನ ಆಸ್ಪತ್ರೆಗೆ ತೋರಿಸಲು ಹೋಗಬೇಕಿತ್ತು. ಬಾಡಿಗೆ ಕಾರಿನಲ್ಲಿ ಮಂಡಿಯ ಮೇಲೆ ಹಣೆಯಿಟ್ಟು ಕೂತ ಕಾಜಮ್ಮನಿಗೆ ದಾರಿಯುದ್ದಕ್ಕೂ ಒಂದೇ ಜಪ: ಪರದೆ ಅಂಟಿರಲಿ, ಅಂಟಿರಲಿ. ಕಣ್ಣು ಹೋದರೆ ಕಾಜಾ ಹೋಯಿತು. ಕಾಜಾ ಹೋದರೆ ಕಾಜಮ್ಮ ಎಲ್ಲಿ? ಗೋಡೆಗೊರಗಿ ಕೂತ ಮುದುಕಿಯೊಬ್ಬಳು ಉಳಿಯುತ್ತಾಳೆ, ಹೊತ್ತು ಹೊತ್ತಿಗೆ ಯಾರಾದರೂ ತಟ್ಟೆ ತಂದಿಡುತ್ತಾರೆ. ಆ ಮುದುಕಿಯ ಮುಖವನ್ನು ನೆನೆಯಲು ಹೋದರೆ ಅವಳಿಗೆ ಕಂಡದ್ದು ಪಕ್ಕದಲ್ಲಿ ಕೂತ ಅಕ್ಕನ ಮುಖ.

ಡಾಕ್ಟರು ಬಹಳ ಹೊತ್ತು ದೀಪ ಬಿಟ್ಟು ನೋಡಿದರು. "ತಲೆ ಎತ್ತಿದ್ರಾ?" ಎಂದು ಕೇಳಿದರು.

"ಇಲ್ಲಮ್ಮಾ," ಎಂದಳು ಕಾಜಮ್ಮ ತಕ್ಷಣ.

"ಒಂದು ಅಂಚು ಇನ್ನೂ ಸಡಿಲವಾಗಿದೆ. ಅಂಟಬೇಕಿತ್ತು, ಅಂಟಿಲ್ಲ. ಯಾಕೆ ಅಂತ ನಂಗೆ ಗೊತ್ತಾಗ್ತಿಲ್ಲ. ಮತ್ತೆ ಆಪರೇಷನ್ ಮಾಡ್ಬೇಕಾ ಅಂತ ಯೋಚಿಸ್ಬೇಕು."

ತಗ್ಗಿಸಿದ ತಲೆಗೆ ಡಾಕ್ಟರ ಬೂಟು ಮಾತ್ರ ಕಾಣುತ್ತಿತ್ತು. ಬೂಟಿನ ಲೇಸು ಬಿಚ್ಚಿಹೋಗಿತ್ತು, ಕಟ್ಟಿಕೊಳ್ಳಲೂ ಈ ಹುಡುಗಿಗೆ ಪುರುಸೊತ್ತಿಲ್ಲ. ಅದನ್ನು ನೋಡುತ್ತ ನೋಡುತ್ತ ಕಾಜಮ್ಮ ಬಾಯಿಬಿಟ್ಟಳು.

"ಎತ್ತಿದ್ದೆ. ಏಳು ಸಲ. ದಾರ ಪೋಣಿಸೋಕೆ."

"ಯಾಕಮ್ಮಾ?" ಎಂದರು ಡಾಕ್ಟರು. ಸಿಟ್ಟಿರಲಿಲ್ಲ, ನಿಜವಾಗಿಯೂ ಅವರಿಗೆ ಗೊತ್ತಾಗಬೇಕಿತ್ತು.

"ಸುಮ್ಮನೆ ಮಲಗಿದ್ನಲ್ಲಮ್ಮಾ, ಅದಕ್ಕೆ," ಎಂದಳು ಕಾಜಮ್ಮ.

"ಇವತ್ತಿನಿಂದ ಮತ್ತೆ ಹತ್ತು ದಿನ. ಕಾರಣ ಗೊತ್ತಾಯ್ತಲ್ಲ, ಕಾದು ನೋಡೋಣ. ಈ ಸಲ ತಲೆ ಎತ್ತಿದ್ರೆ ಮಾತ್ರ ನನ್ನ ಕೈಲಿ ಏನೂ ಇಲ್ಲ."

ಮನೆಗೆ ಬಂದು ಬೋರಲು ಬಿದ್ದ ಮೇಲೆ ಅವಳು ಅತ್ತಳು. ಬೋರಲು ಮಲಗಿ ಅಳುವುದು ಸುಲಭವಲ್ಲ, ನೀರು ಕೆನ್ನೆಗಿಳಿಯದೆ ಮೂಗಿನ ತುದಿಯಿಂದ ನೇರ ನೆಲಕ್ಕೆ ತೊಟ್ಟಿಕ್ಕುತ್ತದೆ. ಅಕ್ಕ ಒಂದು ಬಟ್ಟೆ ತಂದು ಅಲ್ಲಿ ಹಾಸಿದಳು. ಮಾಸ್ಟರ್ ಬಂದು ಬಾಗಿಲಲ್ಲೇ ನಿಂತ. ಹೋಟೆಲಿನವರಿಗೆ ಮೆಷಿನ್ ಕಾಜಾ ಹೊಡೆಸಿಕೊಡುತ್ತೇನೆ, ಒಪ್ಪಿದರೆ ಒಪ್ಪಲಿ, ಬಿಟ್ಟರೆ ಬಿಡಲಿ ಎಂದ. ಅಷ್ಟು ಹೇಳಲು ಅವನ ಹಠ ಎಷ್ಟು ಬಾಗಬೇಕಾಯಿತು ಎಂಬುದು ಧ್ವನಿಯಲ್ಲೇ ಕೇಳುತ್ತಿತ್ತು. ಅದರಿಂದ ಅವಳಿಗೆ ಸಮಾಧಾನವಾಗಲಿಲ್ಲ, ಭಾರ ಹೆಚ್ಚಾಯಿತು.

ಅವನು ಹೋದ ಮೇಲೆ ಕಾಜಮ್ಮ, "ಅಕ್ಕಾ," ಎಂದಳು. "ಒಂದು ಕೇಳ್ತೀನಿ, ನಗಬೇಡ. ಸುಮ್ಮನೆ ಇರೋದು ಹೇಗೆ? ನನಗೆ ಬರಲ್ಲ. ಹತ್ತು ದಿನ ಹೀಗೇ ಒದ್ದಾಡಿದ್ರೆ ನಾನು ಮತ್ತೆ ಏನಾದ್ರೂ ಮಾಡ್ಕೋತೀನಿ. ನಿನಗೆ ಅದ್ರಲ್ಲಿ ಎತ್ತಿದ ಕೈ. ಹೇಳ್ಕೊಡು."

ಅಕ್ಕ ನೆಲಕ್ಕೆ ಚಾಪೆ ಹಾಸಿ, ಮಂಚದ ಕೆಳಗೆ ಸರಿದು ಅಂಗಾತ ಮಲಗಿದಳು. ಐದು ದಿನಗಳ ಮೇಲೆ ಮೊದಲ ಬಾರಿಗೆ ಕಾಜಮ್ಮನಿಗೆ ಮನುಷ್ಯರ ಮುಖವೊಂದು ನೇರವಾಗಿ ಕಂಡಿತು, ಒಂದು ಮೊಳ ದೂರದಲ್ಲಿ.

"ನನಗೂ ಬರಲ್ಲ ಕಣೆ," ಎಂದಳು ಅಕ್ಕ.

"ಸಾಕು ಸುಳ್ಳು. ನಲವತ್ತು ವರ್ಷದಿಂದ ಮಧ್ಯಾಹ್ನ ಮಲಗ್ತಿದ್ದೀಯ."

"ಮಲಗ್ತಿದ್ದೆ. ನಿದ್ದೆ ಯಾವಾಗ ಮಾಡಿದ್ದೆ? ಕೈಯಲ್ಲಿ ಒಂದು ಬಟ್ಟೆ ಹಿಡ್ಕೊಂಡೇ ಮಲಗ್ತಿದ್ದೆ. ಮೆಟ್ಟಿಲ ಮೇಲೆ ಹೆಜ್ಜೆ ಕೇಳಿದ್ರೆ ಎದ್ದು ಕೂತು ಮಡಚೋಕೆ ಶುರು. ಮಗ್ಗುಲಾಗಿ ಮಲಗೋದನ್ನ ಎಂದೋ ಬಿಟ್ಟುಬಿಟ್ಟೆ. ಹೀಗೇ, ಅಂಗಾತ."

"ಯಾಕೆ?"

"ಮಗ್ಗುಲಾದ್ರೆ ಕೆನ್ನೆ ಮೇಲೆ ದಿಂಬಿನ ಗೆರೆ ಬೀಳುತ್ತೆ. ನೀನು ಬಂದವಳೇ ಮೊದ್ಲು ನನ್ನ ಕೆನ್ನೆ ನೋಡ್ತಿದ್ದೆ."

ನಿಜ, ಕಾಜಮ್ಮ ನೋಡುತ್ತಿದ್ದಳು. ಪ್ರತಿ ಸಲವೂ. ಗೆರೆ ಕಂಡ ದಿನ ಮನೆಗೆ ಬಂದು ಗಂಡನ ಹತ್ತಿರ ಹೇಳಿ ನಗುತ್ತಿದ್ದಳು. ಗೆರೆ ಕಾಣದ ದಿನ ನಿರಾಸೆಯಾಗುತ್ತಿತ್ತು.

"ನಾನು ಬೆಳಗಿನ ಜಾವ ನಾಲ್ಕಕ್ಕೆ ಕಚೇರಿಗೆ ಹೋಗ್ತಿದ್ದೆ," ಎಂದಳು ಅಕ್ಕ. ದೂರು ಹೇಳುವ ಧ್ವನಿಯಲ್ಲಿ ಅಲ್ಲ. ಊರಿನ ಹೆಸರು ಓದಿ ಕಾಗದ ಬೇರೆ ಮಾಡುವವಳಂತೆ, ಅಷ್ಟೇ. "ನೀವೆಲ್ಲ ಏಳೋ ಹೊತ್ತಿಗೆ ಮೂರು ಚೀಲ ವಿಂಗಡಿಸಿ ಮುಗಿಸಿರ್ತಿದ್ದೆ. ಮಧ್ಯಾಹ್ನಕ್ಕೆ ಕಣ್ಣು ತಾನೇ ಮುಚ್ಚಿಕೊಳ್ಳೋದು. ಅದು ನಿನಗೆ ಗೊತ್ತಿತ್ತು."

"ಗೊತ್ತಿತ್ತು," ಎಂದಳು ಕಾಜಮ್ಮ. ಗೊತ್ತಿತ್ತು, ಲೆಕ್ಕಕ್ಕೆ ಮಾತ್ರ ತೆಗೆದುಕೊಂಡಿರಲಿಲ್ಲ. ಬೇರೆಯವರು ನೋಡದ ಕೆಲಸ ಆ ಬೀದಿಯಲ್ಲಿ ಕೆಲಸವೇ ಅಲ್ಲ. ಅವಳ ಮೂಗಿನ ತುದಿಯಿಂದ ಒಂದು ಹನಿ ಅಕ್ಕನ ಹಣೆಯ ಮೇಲೆ ಬಿತ್ತು. ಅಕ್ಕ ಅದನ್ನು ಒರೆಸಿಕೊಂಡಳು.

"ಅಳಬೇಡ ಕಣೆ, ಕಣ್ಣಿಗೆ ಕೆಟ್ಟದ್ದು. ಕೇಳು, ನನಗೆ ಗೊತ್ತಿರೋದು ಇಷ್ಟೇ. ಆ ಒದ್ದಾಟ ಇದೆಯಲ್ಲ, ಅದು ಬೆಳಿಗ್ಗೆ ಹತ್ತಕ್ಕೊಂದು ಸಲ, ಮಧ್ಯಾಹ್ನ ಮೂರಕ್ಕೊಂದು ಸಲ ಬರುತ್ತೆ. ಏಳು, ಏಳು, ನಾಚಿಕೆ ಆಗಲ್ವಾ ಅನ್ನುತ್ತೆ. ನಿವೃತ್ತಿ ಆದ ಮೇಲೂ ಬರುತ್ತೆ, ಬಿಟ್ಟಿಲ್ಲ. ಅದನ್ನ ಓಡಿಸೋಕಾಗಲ್ಲ. ಅದು ಬಂದಾಗ ಏಳದೇ ಇದ್ರೆ ಸರಿ. ಬಯ್ದು ಬಯ್ದು ಅದಕ್ಕೂ ಸುಸ್ತಾಗುತ್ತೆ."

ಅದಾದ ಮೇಲಿನ ದಿನಗಳು ಸುಖವಾಗಿ ಕಳೆದವು ಎಂದರೆ ಸುಳ್ಳು. ಬೆಳಿಗ್ಗೆ ಹತ್ತಕ್ಕೆ ಎದೆ ಹೊಡೆದುಕೊಳ್ಳಲು ಶುರುವಾಗುತ್ತಿತ್ತು. ಮಂಚದ ಕಾಲನ್ನು ಗಟ್ಟಿಯಾಗಿ ಹಿಡಿದುಕೊಂಡು, "ಬಂತು ಅಕ್ಕಾ," ಎನ್ನುತ್ತಿದ್ದಳು. "ಬರಲಿ," ಎನ್ನುತ್ತಿದ್ದಳು ಅಕ್ಕ. ಒಂದು ದಿನ ಅದು ಊಟದವರೆಗೂ ಹೋಗಲಿಲ್ಲ. ಮೆಷಿನ್ ಕಾಜಾ ಹೊಡೆಸಿದ ಮೊದಲ ಕಂತಿನ ಕೋಟು ಮನೆಗೆ ಬಂದ ದಿನ ಅವಳು ಒಂದನ್ನು ತರಿಸಿ, ಬೆರಳಲ್ಲಿ ಸವರಿ, ಏನೂ ಹೇಳದೆ ವಾಪಸು ಕಳಿಸಿದಳು. ಅಂದು ಮಧ್ಯಾಹ್ನವೆಲ್ಲ ಮುಳ್ಳಿನ ಮೇಲೆ ಮಲಗಿದ ಹಾಗಿತ್ತು. ಏಳಲಿಲ್ಲ, ಅದೊಂದೇ ಸಾಧನೆ.

ಹೊಸ ಎಣಿಕೆಯ ಎಂಟನೆಯ ದಿನ ಮಧ್ಯಾಹ್ನ. ಊಟವಾಗಿತ್ತು. ಅಕ್ಕ ಚಾಪೆಯ ಮೇಲೆ ಮಾತಾಡುತ್ತ ಮಾತಾಡುತ್ತ ಅರ್ಧ ವಾಕ್ಯದಲ್ಲಿ ನಿಂತಳು. ಕಾಜಮ್ಮ ನೋಡಿದಳು. ಅಕ್ಕನಿಗೆ ನಿದ್ದೆ ಬಂದಿತ್ತು. ಅಕ್ಕ ನಿದ್ದೆ ಮಾಡುವುದನ್ನು ಅವಳು ಇಷ್ಟು ವರ್ಷ ಹಿಡಿಯಲು ಹವಣಿಸಿದ್ದಳೇ ಹೊರತು ಒಮ್ಮೆಯೂ ನೋಡಿರಲಿಲ್ಲ. ಹುಬ್ಬು ಗಂಟಿಕ್ಕಿತ್ತು. ಎರಡೂ ಕೈ ಮುಷ್ಟಿಯಾಗಿ ಎದೆಯ ಮೇಲಿದ್ದವು. ಬಹಳ ಹೊತ್ತಿನ ಮೇಲೆ ಮುಷ್ಟಿ ಒಂದೊಂದೇ ಬೆರಳಾಗಿ ಬಿಚ್ಚಿತು, ಬಾಯಿ ಸ್ವಲ್ಪ ತೆರೆಯಿತು. ಆಮೇಲೆ ಅಕ್ಕ ನಿದ್ದೆಯಲ್ಲೇ ಮಗ್ಗುಲಾದಳು.

ಆಗ ಕಾಜಮ್ಮನಿಗೆ ಇನ್ನೊಂದು ಗೊತ್ತಾಯಿತು. ಅಕ್ಕನ ಕಿವಿ ಕಾಣುತ್ತಿತ್ತು. ಕಿವಿಯ ಹಿಂದಿನ ಬಿಳಿ ಕೂದಲಿನ ಎಳೆಗಳು ಬೇರೆ ಬೇರೆಯಾಗಿ ಕಾಣುತ್ತಿದ್ದವು. ಎಡಗಣ್ಣಿಗೆ ಎಳೆ ಬಿಡಿಸಿ ಕಾಣುವ ಶಕ್ತಿ ಎಂದೂ ಇರಲಿಲ್ಲ. ಅದನ್ನು ಮುಚ್ಚಿ ನೋಡಿದಳು. ಬೂದಿ ದುಂಡು ಚಿಕ್ಕದಾಗಿತ್ತು. ಅದರ ಸುತ್ತ ತೆಳ್ಳಗೆ ಬೆಳಕು, ಆ ಬೆಳಕಿನಲ್ಲಿ ಕಿವಿ, ಕೂದಲು, ಚಾಪೆಯ ಅಂಚು. ಎದೆ ಮತ್ತೆ ಹೊಡೆದುಕೊಂಡಿತು. ಕೂಗಬೇಕೆನಿಸಿತು. ಅಕ್ಕ ಮಲಗಿದ್ದಾಳೆಂದು ಕೂಗಲಿಲ್ಲ. ಇನ್ನೂ ಎರಡು ದಿನ ಬಾಕಿ, ಈಗ ಸಂಭ್ರಮದಲ್ಲಿ ತಲೆ ಎತ್ತಿದರೆ ಕೆಟ್ಟೆ ಎಂದು ಹೆದರಿ ಮಂಚದ ಕಾಲು ಹಿಡಿದುಕೊಂಡಳು.

ಅಷ್ಟರಲ್ಲಿ ಮುಂಗೋಣೆಯಲ್ಲಿ ಮಾತು ಕೇಳಿತು. ಹೋಟೆಲಿನ ಮ್ಯಾನೇಜರ್ ಬಂದಿದ್ದರು. ಮೆಷಿನ್ ಕಾಜಾ ನಡೆಯುತ್ತದೆ, ಆದರೆ ಮಾಲೀಕರ ಕೋಟೊಂದಕ್ಕಾದರೂ ಕೈಯದು ಬೇಕು, ಏಳೇ ಏಳು ಕಾಜಾ ಎನ್ನುತ್ತಿದ್ದರು. ಮಾಸ್ಟರ್ ಏನೋ ತೊದಲಿದ. ಎರಡು ಜೊತೆ ಪಾದಗಳು ಹಿಂದಿನ ಕೋಣೆಯ ಬಾಗಿಲಿಗೆ ಬಂದು ನಿಂತವು. ಒಂದು ಜೊತೆಗೆ ಹೊಳೆಯುವ ಬೂಟುಗಳಿದ್ದವು.

ಬೂಟಿನ ಸದ್ದಿಗೆ ಅಕ್ಕನ ರೆಪ್ಪೆ ಅದುರಿತು. ಕೈ ನೆಲದ ಮೇಲೆ ಏನನ್ನೋ ತಡಕಿತು.

"ಅಮ್ಮಾ, ಮಲಗಿದ್ದೀರಾ? ಒಂದೇ ನಿಮಿಷ—" ಎಂದರು ಮ್ಯಾನೇಜರ್.

"ಶ್!" ಎಂದಳು ಕಾಜಮ್ಮ ತಲೆ ಎತ್ತದೆ. "ಹೌದು, ಮಲಗಿದ್ದೀನಿ. ನಮ್ಮಕ್ಕನೂ ಮಲಗಿದ್ದಾಳೆ. ಮೆತ್ತಗೆ ಹೋಗಿ. ರೀ, ಬಾಗಿಲು ಎಳ್ಕೊಳ್ಳಿ."

ಬೂಟುಗಳು ಒಂದು ಗಳಿಗೆ ಅಲ್ಲೇ ಇದ್ದವು. ಅಂಥ ಮಾತನ್ನು ಆ ಬೀದಿಯಲ್ಲಿ ಅವು ಎಲ್ಲೂ ಕೇಳಿರಲಿಲ್ಲ. ಆಮೇಲೆ ತುದಿಗಾಲಿನಲ್ಲಿ ಹಿಂದೆ ಸರಿದವು. ಬಾಗಿಲು ಮುಚ್ಚಿಕೊಂಡಿತು.

"ಯಾರೇ ಬಂದಿದ್ದು?" ಎಂದಳು ಅಕ್ಕ, ಕಣ್ಣು ಮುಚ್ಚಿಕೊಂಡೇ.

"ಗಿರಾಕಿ."

"ಏನಂದೆ?"

"ಅಕ್ಕ ಮಲಗಿದ್ದಾಳೆ ಅಂದೆ."

ಅಕ್ಕ ಕಣ್ಣು ಬಿಟ್ಟಳು. ತಂಗಿಯ ಮುಖವನ್ನು ಕೆಳಗಿನಿಂದ ನೋಡಿದಳು, ಅದರಲ್ಲಿ ಗೇಲಿ ಎಲ್ಲಿದೆ ಎಂದು ಹುಡುಕುವವಳಂತೆ.

"ಹಾಗೇ ಅಂದ್ಬಿಟ್ಟೆಯಾ?"

"ಹಾಗೇ ಅಂದೆ. ಮಲಗು."

ಅಕ್ಕ ಗೆರೆ ಬೀಳುವ ಹಾಗೆ ಕೆನ್ನೆಯನ್ನು ಚಾಪೆಗೆ ಗಟ್ಟಿಯಾಗಿ ಒತ್ತಿ, ಮತ್ತೆ ನಿದ್ದೆ ಹೋದಳು.